ಫೋಟೊದಿಂದ ಮೊದಲು ಮಾಯವಾದವನು ಅಣ್ಣ

ಪ್ರಶ್ನೆ: ಹತ್ತನೇ ತರಗತಿಯ ಪರೀಕ್ಷೆ ಮುಗಿಸಿದ ಮಗಳ ಜೊತೆ ಕುಳಿತು 1985ರ 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರ ನೋಡಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಚಿತ್ರ ಮುಗಿದ ಮೇಲೆ ಅವಳು ಒಂದೊಂದೇ ಪ್ರಶ್ನೆ ಹಾಕತೊಡಗಿದಳು. ಮಾರ್ಟಿ ಹಿಂದಿನ ಕಾಲಕ್ಕೆ ಹೋಗಿ ಅಪ್ಪ ಅಮ್ಮ ಒಂದಾಗುವುದನ್ನೇ ತಪ್ಪಿಸಿದರೆ ಅವನು ಹುಟ್ಟುವುದಿಲ್ಲ; ಹುಟ್ಟದವನು ಹಿಂದಕ್ಕೆ ಹೋಗಿದ್ದು ಹೇಗೆ? ಫೋಟೊದಲ್ಲಿರುವವರು ಒಮ್ಮೆಲೇ ಅಳಿಸಿಹೋಗದೆ ಸ್ವಲ್ಪ ಸ್ವಲ್ಪವೇ ಮಾಯವಾಗುವುದೇಕೆ? ಕೊನೆಗೆ ಅವನು ಮರಳಿದ ಮನೆ ಬೇರೆಯದೇ ಆಗಿದೆ, ಹಾಗಾದರೆ ಆ ಮನೆಯಲ್ಲಿ ಬೆಳೆದ ಇನ್ನೊಬ್ಬ ಮಾರ್ಟಿ ಎಲ್ಲಿ ಹೋದ? ನನ್ನಿಂದ ಉತ್ತರ ಹೇಳಲಾಗಲಿಲ್ಲ. ಈ ಚಿತ್ರದಲ್ಲಿ ವಿಜ್ಞಾನ ಏನಾದರೂ ಇದೆಯೇ, ಅಥವಾ ಎಲ್ಲವೂ ತಮಾಷೆಯೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ಪದವಿ ತರಗತಿಗಳಿಗೆ ಸಾಪೇಕ್ಷತಾ ಸಿದ್ಧಾಂತ ಕಲಿಸುವಾಗ ನಾನು ಈ ಚಿತ್ರದ ಪ್ರಸಂಗಗಳನ್ನು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಮೊದಲ ಎರಡು ಪ್ರಶ್ನೆಗಳನ್ನು ಅನೇಕ ವಿದ್ಯಾರ್ಥಿಗಳು ಕೇಳಿದ್ದಾರೆ. ಮೂರನೆಯದನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಬೇಕಾದ ಸಾಕ್ಷ್ಯ ಚಿತ್ರದೊಳಗೇ ಒಂದು ಮಳಿಗೆ ಸಂಕೀರ್ಣದ ಫಲಕದ ಮೇಲೆ ಬರೆದಿದೆ.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯದ ಹಿಲ್ ವ್ಯಾಲಿ ಎಂಬ ಕಾಲ್ಪನಿಕ ಊರಿನಲ್ಲಿ ಹದಿನೇಳು ವರ್ಷದ ಮಾರ್ಟಿ ಮೆಕ್‌ಫ್ಲೈ ಇದ್ದಾನೆ. ತಂದೆ ಜಾರ್ಜ್ ಅಂಜುಬುರುಕ. ಶಾಲೆಯಲ್ಲಿ ಅವನನ್ನು ಗೋಳುಹೊಯ್ದುಕೊಂಡ ಬಿಫ್ ಈಗ ಕಚೇರಿಯಲ್ಲಿ ಅವನ ಮೇಲಧಿಕಾರಿ. ತಾಯಿ ಲೊರೇನ್ ಬದುಕಿನ ಮೇಲೆ ಆಸೆ ಕಳೆದುಕೊಂಡವಳು. ಮಾರ್ಟಿಯ ಗೆಳೆಯ, ವಿಜ್ಞಾನಿ ಡಾಕ್ ಬ್ರೌನ್ ಒಂದು ಡಿಲೋರಿಯನ್ ಕಾರನ್ನು ಕಾಲಯಂತ್ರವಾಗಿ ಮಾರ್ಪಡಿಸಿದ್ದಾನೆ. 1985ರ ಅಕ್ಟೋಬರ್ 26ರ ನಡುರಾತ್ರಿ ಕಳೆದ ಮೇಲೆ, ಪ್ಲುಟೋನಿಯಂ ವಿಷಯದಲ್ಲಿ ಮೋಸಹೋದ ಉಗ್ರರು ಡಾಕ್‌ನ ಮೇಲೆ ಗುಂಡು ಹಾರಿಸುತ್ತಾರೆ. ತಪ್ಪಿಸಿಕೊಳ್ಳಲು ಕಾರು ಓಡಿಸಿದ ಮಾರ್ಟಿ 1955ರ ನವೆಂಬರ್ 5ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ರಸ್ತೆಯಲ್ಲಿ ಒಂದು ಕಾರಿಗೆ ಸಿಕ್ಕಿಬೀಳಲಿದ್ದ ತರುಣ ಜಾರ್ಜ್‌ನನ್ನು ತಳ್ಳಿ, ಆ ಏಟನ್ನು ತಾನು ತಿನ್ನುತ್ತಾನೆ. ಆ ಕಾರು ಲೊರೇನ್‌ಳ ತಂದೆಯದು. ಗಾಯಗೊಂಡ ಜಾರ್ಜ್‌ನ ಆರೈಕೆ ಮಾಡುತ್ತಾ ಅವನಿಗೆ ಮನಸೋಲಬೇಕಿದ್ದ ಹುಡುಗಿ ಈಗ ತನ್ನ ಹುಟ್ಟದ ಮಗನಿಗೇ ಮನಸೋಲುತ್ತಾಳೆ. ಒಂದು ವಾರದೊಳಗೆ ಅಪ್ಪ ಅಮ್ಮನನ್ನು ಒಂದುಗೂಡಿಸಬೇಕು, ನವೆಂಬರ್ 12ರ ರಾತ್ರಿ 10 ಗಂಟೆ 4 ನಿಮಿಷಕ್ಕೆ ಊರಿನ ಗಡಿಯಾರ ಗೋಪುರಕ್ಕೆ ಬಡಿಯುವ ಸಿಡಿಲಿನ ಬಲದಿಂದ ತನ್ನ ಕಾಲಕ್ಕೆ ಮರಳಬೇಕು. ಇಷ್ಟು ಕಥೆ.

ಈ ಕಥೆ ಹುಟ್ಟಿದ್ದು ವಿಜ್ಞಾನದ ಪುಸ್ತಕದಿಂದಲ್ಲ. ಚಿತ್ರಕಥೆಯ ಇಬ್ಬರು ಲೇಖಕರಲ್ಲಿ ಒಬ್ಬರಾದ ಬಾಬ್ ಗೇಲ್ 1980ರಲ್ಲಿ ಸೇಂಟ್ ಲೂಯಿಸ್‌ನ ತಮ್ಮ ತಂದೆತಾಯಿಯ ಮನೆಗೆ ಹೋದಾಗ ತಂದೆಯ ಪ್ರೌಢಶಾಲೆಯ ವಾರ್ಷಿಕ ಸಂಚಿಕೆ ಕೈಗೆ ಸಿಕ್ಕಿತು. ತಂದೆ ತಮ್ಮ ತರಗತಿಯ ಅಧ್ಯಕ್ಷರಾಗಿದ್ದರು ಎಂಬುದು ಮಗನಿಗೆ ಅಂದೇ ತಿಳಿಯಿತು. ತಾನು ಅದೇ ಶಾಲೆಯಲ್ಲಿ ಅದೇ ವರ್ಷ ಓದಿದ್ದರೆ ಅಪ್ಪನ ಗೆಳೆಯನಾಗುತ್ತಿದ್ದೆನೇ ಎಂದು ಗೇಲ್ ಯೋಚಿಸಿದರು. ನಿರ್ದೇಶಕ ರಾಬರ್ಟ್ ಝೆಮೆಕಿಸ್ ಜೊತೆ ಸೇರಿ ಬರೆದ ಆ ಚಿತ್ರಕಥೆಯನ್ನು ಸ್ಟುಡಿಯೊಗಳು ನಲವತ್ತಕ್ಕೂ ಹೆಚ್ಚು ಬಾರಿ ತಿರಸ್ಕರಿಸಿದವು. ಕೆಲವರಿಗೆ ಅದು ತೀರಾ ಸಪ್ಪೆ ಎನಿಸಿತು. ತಾಯಿ ಮಗನನ್ನು ಮೆಚ್ಚುವ ಕಥೆ ಎಂದು ಡಿಸ್ನಿಯವರು ಗಾಬರಿಯಾದರು. ಈ ಹಿನ್ನೆಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಚಿತ್ರದ ಮೂಲಪ್ರಶ್ನೆ ಕಾಲದ ಬಗ್ಗೆ ಅಲ್ಲ, ನಾವು ಹುಟ್ಟುವ ಮೊದಲು ನಮ್ಮ ಅಪ್ಪ ಅಮ್ಮ ಯಾರಾಗಿದ್ದರು ಎಂಬುದರ ಬಗ್ಗೆ. ಅದರ ಕಾಲಯಾನದ ನಿಯಮಗಳೆಲ್ಲ ಆ ಪ್ರಶ್ನೆಗೆ ತಕ್ಕಂತೆ ರೂಪುಗೊಂಡಿವೆ.

ಇನ್ನು ವಿಜ್ಞಾನ. ಮುಂದಿನ ಕಾಲಕ್ಕೆ ಹೋಗುವುದು ಸಾಧ್ಯ. ಇದು ಊಹೆಯಲ್ಲ, ಅಳೆದು ನೋಡಿದ ಸತ್ಯ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಸೀಸಿಯಂ ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿಯನ್ನು ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ನೆಲದ ಮೇಲಿನ ಗಡಿಯಾರಗಳಿಗೆ ಹೋಲಿಸಿದಾಗ ಪೂರ್ವಕ್ಕೆ ಹೋದವು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡ್ ಮುಂದಿದ್ದವು. ವೇಗ ಮತ್ತು ಗುರುತ್ವ ಎರಡರ ಪರಿಣಾಮವನ್ನೂ ಸೇರಿಸಿ ಸಿದ್ಧಾಂತ ಹೇಳಿದ್ದಕ್ಕೆ ಈ ಅಂಕಿಗಳು ಹೊಂದಿಕೊಂಡವು.

ಈಗ ಚಿತ್ರದ ಮೊದಲ ಪ್ರಯೋಗವನ್ನು ನೆನಪಿಸಿಕೊಳ್ಳಿ. ಡಾಕ್ ತನ್ನ ನಾಯಿಯನ್ನು ಕಾರಿನಲ್ಲಿ ಕೂರಿಸುತ್ತಾನೆ. ನಾಯಿಯ ಹೆಸರು ಐನ್‌ಸ್ಟೈನ್. ಅದರ ಕೊರಳಲ್ಲಿ ಒಂದು ಗಡಿಯಾರ, ಡಾಕ್‌ನ ಕೈಯಲ್ಲಿ ಇನ್ನೊಂದು, ಎರಡನ್ನೂ ಮೊದಲೇ ಸರಿಹೊಂದಿಸಲಾಗಿದೆ. ಕಾರು 1 ಗಂಟೆ 20 ನಿಮಿಷಕ್ಕೆ ಮಾಯವಾಗಿ 1 ಗಂಟೆ 21 ನಿಮಿಷಕ್ಕೆ ಮರಳುತ್ತದೆ. ನಾಯಿಯ ಗಡಿಯಾರ ಸರಿಯಾಗಿ ಒಂದು ನಿಮಿಷ ಹಿಂದಿದೆ. ನೋಡಿದಿರಾ? ಇದು ಹಾಫೆಲೆ ಮತ್ತು ಕೀಟಿಂಗ್ ಮಾಡಿದ ಪ್ರಯೋಗದ ವಿನ್ಯಾಸವೇ. ಎರಡು ಗಡಿಯಾರ, ಒಂದು ಪ್ರಯಾಣ, ಕೊನೆಗೆ ಹೋಲಿಕೆ. ಇದನ್ನು ತೋರಿಸಿದಾಗಲೆಲ್ಲ ನನ್ನ ವಿದ್ಯಾರ್ಥಿಗಳ ಮುಖ ಅರಳುವುದನ್ನು ಕಂಡಿದ್ದೇನೆ. ಒಂದು ಹಾಸ್ಯಚಿತ್ರ ತನ್ನ ಕಾಲಯಂತ್ರವನ್ನು ಪರಿಚಯಿಸುವಾಗ ಪ್ರಯೋಗಶಾಲೆಯ ಶಿಸ್ತನ್ನು ಇಷ್ಟು ಗೌರವದಿಂದ ಪಾಲಿಸಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಲೆಕ್ಕ ಮಾತ್ರ ಹೊಂದುವುದಿಲ್ಲ. ಕಾರು ಮುಟ್ಟಬೇಕಾದ ವೇಗ ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸಾಪೇಕ್ಷತಾ ಸಿದ್ಧಾಂತವನ್ನಷ್ಟೇ ನಂಬಿ 88 ಮೈಲಿ ವೇಗದಲ್ಲಿ ಓಡಿಸಿದರೆ, ನಾಯಿಯ ಗಡಿಯಾರ ಒಂದು ನಿಮಿಷ ಹಿಂದೆ ಬೀಳಲು ಹೆಚ್ಚುಕಡಿಮೆ 22 ಕೋಟಿ ವರ್ಷ ನಿಲ್ಲಿಸದೆ ಓಡಿಸಬೇಕಾಗುತ್ತದೆ. ನಿಮ್ಮ ಮಗಳು ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡರೆ ಈ ಲೆಕ್ಕವನ್ನು ತಾನೇ ಮಾಡಿ ನೋಡಬಹುದು. ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದ ಎರಡರಷ್ಟರಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಆಗುವ ವ್ಯತ್ಯಾಸ ಸಿಗುತ್ತದೆ. ಹಾಗಾದರೆ ಏಕೆ 88? ನೆನಪಿನಲ್ಲಿ ಉಳಿಯುವ ಸಂಖ್ಯೆ, ಅಷ್ಟೇ. ಇನ್ನೊಂದು ಸ್ವಾರಸ್ಯವೂ ಇದೆ. ಆ ಕಾಲದ ಅಮೆರಿಕದ ನಿಯಮದಿಂದಾಗಿ ಡಿಲೋರಿಯನ್ ಕಾರಿನ ವೇಗಮಾಪಕದಲ್ಲಿ 85ರ ಮೇಲೆ ಅಂಕಿಯೇ ಇರಲಿಲ್ಲ. ಚಿತ್ರದ ಕಾರಿಗೆ ಬೇರೆ ಮಾಪಕ ಕೂರಿಸಬೇಕಾಯಿತು.

ಮುಂದಕ್ಕೆ ಹೋಗುವ ಕಥೆ ನಮ್ಮ ಪುರಾಣದಲ್ಲೂ ಇದೆ. ರೈವತ ರಾಜ ಮಗಳು ರೇವತಿಗೆ ವರ ಯಾರಾದಾರು ಎಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿದೆ. ಅದು ಮುಗಿಯಲಿ ಎಂದು ಕಾಯುತ್ತಾನೆ. ಹಾಡು ಮುಗಿಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿವೆ ಎಂದು ಬ್ರಹ್ಮ ನಗುತ್ತಾನೆ. ಭಾಗವತದ ಈ ಕಥೆಯಲ್ಲಿ ತಂದೆಮಗಳು ಮರಳಿ ಬಂದಾಗ ತಮ್ಮವರು ಯಾರೂ ಉಳಿದಿಲ್ಲ. ದುಃಖವಿದೆ, ಆದರೆ ತರ್ಕದ ತೊಡಕು ಎಳ್ಳಷ್ಟೂ ಇಲ್ಲ. ಮುಂದಕ್ಕೆ ಹೋದವನು ಯಾರ ಹುಟ್ಟನ್ನೂ ಅಳಿಸಲಾರ. ತೊಡಕು ಶುರುವಾಗುವುದು ಹಿಂದಕ್ಕೆ ಹೊರಟಾಗ. ಮಾರ್ಟಿಯ ಸಂಕಟ ಅದೇ, ನಿಮ್ಮ ಮಗಳ ಮೊದಲ ಪ್ರಶ್ನೆಯೂ ಅದೇ.

ಹುಟ್ಟದವನು ಹಿಂದಕ್ಕೆ ಹೋಗಿದ್ದು ಹೇಗೆ? ಭೌತಶಾಸ್ತ್ರಜ್ಞರು ಇದನ್ನು ಅಜ್ಜನ ವಿರೋಧಾಭಾಸ ಎನ್ನುತ್ತಾರೆ. ಹಿಂದಕ್ಕೆ ಹೋಗಿ ಸ್ವಂತ ಅಜ್ಜನನ್ನು ಕೊಂದರೆ ಏನಾಗುತ್ತದೆ ಎಂಬ ರೂಪದಲ್ಲಿ ಅದು ಹೆಸರಾಗಿದೆ. ಇದನ್ನು ಆಟದ ಮಾತೆಂದು ಯಾರೂ ತಳ್ಳಿಹಾಕಿಲ್ಲ. ಐನ್‌ಸ್ಟೈನ್‌ರ ಸಮೀಕರಣಗಳಿಗೆ ಒಂದು ವಿಚಿತ್ರ ಪರಿಹಾರವಿದೆ, ಅದರಲ್ಲಿ ಇಡೀ ವಿಶ್ವ ತಿರುಗುತ್ತಿರುತ್ತದೆ, ಅಲ್ಲಿ ಮುಂದೆ ಮುಂದೆ ಹೋಗುತ್ತಲೇ ತನ್ನ ಹಿಂದಿನ ಕಾಲವನ್ನು ಸೇರಬಹುದು ಎಂದು ಗಣಿತಜ್ಞ ಕುರ್ಟ್ ಗೋಡೆಲ್ 1949ರಲ್ಲಿ ತೋರಿಸಿದರು. ನಾವಿರುವ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಇಲ್ಲ. ಆದರೂ ಸಮೀಕರಣ ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿಲ್ಲ ಎಂಬ ಅಂಶ ಐನ್‌ಸ್ಟೈನ್‌ರನ್ನೂ ಚಿಂತೆಗೆ ಹಚ್ಚಿತು.

ಉತ್ತರಗಳು ಬಗೆಬಗೆಯಾಗಿವೆ. ರಷ್ಯದ ಇಗೊರ್ ನೊವಿಕೊವ್ ಅವರ ಪ್ರಕಾರ ಹಿಂದಕ್ಕೆ ಹೋದರೂ ಏನನ್ನೂ ಬದಲಿಸಲಾಗದು. ನೀವು ಅಲ್ಲಿ ಮಾಡುವುದೆಲ್ಲ ಇತಿಹಾಸದಲ್ಲಿ ಆಗಲೇ ಸೇರಿಕೊಂಡಿರುತ್ತದೆ, ಬಂದೂಕು ಹಿಡಿದರೂ ಗುರಿ ತಪ್ಪುತ್ತದೆ. ಇನ್ನೊಂದು ಪಂಥದವರು ಹ್ಯೂ ಎವರೆಟ್ 1957ರಲ್ಲಿ ಮುಂದಿಟ್ಟ ಅನೇಕ ಲೋಕಗಳ ವಿಚಾರವನ್ನು ಹಿಡಿಯುತ್ತಾರೆ. ಹಿಂದಕ್ಕೆ ಹೋದವನು ಹೋಗುವುದು ಬೇರೊಂದು ಕವಲಿಗೆ, ಅಲ್ಲಿ ಅವನು ಹುಟ್ಟದಿದ್ದರೂ ತೊಂದರೆಯಿಲ್ಲ, ಅವನು ಹುಟ್ಟಿದ ಕವಲು ತನ್ನ ಪಾಡಿಗೆ ತಾನಿರುತ್ತದೆ. ಸ್ಟೀಫನ್ ಹಾಕಿಂಗ್ ಅವರಿಗೆ ಇವೆರಡೂ ಒಪ್ಪಿಗೆಯಾಗಲಿಲ್ಲ. ಪ್ರಕೃತಿಯೇ ಹಿಂದಿನ ಕಾಲದ ಬಾಗಿಲನ್ನು ಮುಚ್ಚಿರುತ್ತದೆ ಎಂದು 1992ರಲ್ಲಿ ವಾದಿಸಿದರು. 2009ರ ಜೂನ್ 28ರಂದು ಅವರು ಕಾಲಯಾತ್ರಿಗಳಿಗಾಗಿ ಒಂದು ಔತಣ ಏರ್ಪಡಿಸಿ, ಆಮಂತ್ರಣವನ್ನು ಔತಣ ಮುಗಿದ ಮೇಲೆ ಹೊರಡಿಸಿದರು. ಭವಿಷ್ಯದಿಂದ ಬರಬಲ್ಲವರಿಗೆ ಮಾತ್ರ ಬರಲು ಸಾಧ್ಯವಿತ್ತು. ಯಾರೂ ಬರಲಿಲ್ಲ.

ನಮ್ಮ ಚಿತ್ರ ಈ ಯಾವ ಪಂಥಕ್ಕೂ ಪೂರ್ತಿ ಸೇರುವುದಿಲ್ಲ. ನೊವಿಕೊವ್ ಮಾತು ನಿಜವಾದರೆ ಫೋಟೊ ಮಾಸಬಾರದು. ಎವರೆಟ್ ಮಾತು ನಿಜವಾದರೆ ಮಾರ್ಟಿಗೆ ಅಪಾಯವೇ ಇಲ್ಲ, ಅವನ ತಾಯಿ ಯಾರನ್ನು ಮದುವೆಯಾದರೂ ಅವನ ಕೈ ಪಾರದರ್ಶಕವಾಗುವುದಿಲ್ಲ. ಅಪಾಯವಿಲ್ಲದ ಕಡೆ ಕಥೆ ಎಲ್ಲಿಯದು? ಆದ್ದರಿಂದ ಗೇಲ್ ಮತ್ತು ಝೆಮೆಕಿಸ್ ತಮ್ಮದೇ ನಿಯಮವೊಂದನ್ನು ರಚಿಸಿಕೊಂಡರು. ಇತಿಹಾಸ ಬದಲಾಗುತ್ತದೆ, ಆದರೆ ಬದಲಾವಣೆ ತಲುಪಲು ಸಮಯ ಹಿಡಿಯುತ್ತದೆ. ಕೆರೆಗೆ ಕಲ್ಲು ಬಿದ್ದ ಕ್ಷಣಕ್ಕೂ ಅಲೆ ದಡ ಮುಟ್ಟುವ ಕ್ಷಣಕ್ಕೂ ನಡುವೆ ಇರುವ ಅಂತರದಲ್ಲಿ ಇಡೀ ಸಿನಿಮಾ ನಡೆಯುತ್ತದೆ.

ಇಲ್ಲಿಂದ ಎರಡನೇ ಪ್ರಶ್ನೆಗೆ ದಾರಿಯಾಗುತ್ತದೆ, ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆಗೆ. ಮಾರ್ಟಿಯ ಜೇಬಿನಲ್ಲಿರುವ ಫೋಟೊದಲ್ಲಿ ಮೂವರಿದ್ದಾರೆ: ಅಣ್ಣ ಡೇವ್, ಅಕ್ಕ ಲಿಂಡಾ, ಕೊನೆಯವನು ಮಾರ್ಟಿ. ಮೊದಲು ಅಣ್ಣನ ತಲೆ ಕಾಣೆಯಾಗುತ್ತದೆ. ಆಮೇಲೆ ಅಣ್ಣ ಪೂರ್ತಿ ಹೋಗುತ್ತಾನೆ, ಅಕ್ಕ ಹೋಗುತ್ತಾಳೆ, ಕೊನೆಗೆ ಮಾರ್ಟಿಯ ಸರದಿ. ಮಾಯವಾಗುವ ಕ್ರಮ ಹುಟ್ಟಿದ ಕ್ರಮವೇ ಆಗಿದೆ. 1955ರಲ್ಲಿ ನಿಂತು ನೋಡಿದರೆ ಮೊದಲು ಹುಟ್ಟಬೇಕಾದವನು ಡೇವ್, ಅಲೆ ಮೊದಲು ಮುಟ್ಟುವುದು ಅವನನ್ನೇ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಆದರೆ ಆ ಕಲ್ಪನೆಗೆ ತನ್ನದೇ ಶಿಸ್ತು ಇದೆ, ಚಿತ್ರ ಅದನ್ನು ಎಲ್ಲೂ ಮುರಿಯುವುದಿಲ್ಲ. ತಂದೆತಾಯಿ ಒಂದಾಗುವ ಸಾಧ್ಯತೆ ದಿನದಿನಕ್ಕೆ ಕುಗ್ಗುತ್ತಿದ್ದಂತೆ ಫೋಟೊ ಬರಿದಾಗುತ್ತದೆ, ಸಾಧ್ಯತೆ ಚಿಗುರಿದಾಗ ತುಂಬಿಕೊಳ್ಳುತ್ತದೆ. ಜ್ವರ ತೋರಿಸುವ ಉಷ್ಣಮಾಪಕದಂತೆ ಅದು ಸಾಧ್ಯತೆಯನ್ನು ತೋರಿಸುವ ಮಾಪಕ ಎಂದುಕೊಂಡರೆ ನಿಮ್ಮ ಮಗಳಿಗೆ ಅರ್ಥವಾದೀತು.

ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬಹುದಿತ್ತು: ಮೂವರೂ ಹುಟ್ಟದಿದ್ದರೆ ಆ ಖಾಲಿ ಜಾಗದ ಫೋಟೊವನ್ನು ಯಾರು ಏಕೆ ತೆಗೆದರು? ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಅದನ್ನು ದೋಷವೆಂದು ಒಪ್ಪುತ್ತೇನೆ, ಆದರೆ ತಿದ್ದಬೇಕಾದ ದೋಷವೆಂದು ಒಪ್ಪುವುದಿಲ್ಲ. ಫೋಟೊ ಇಲ್ಲದಿದ್ದರೆ ಮಾರ್ಟಿ ಹುಟ್ಟದೇ ಹೋಗುವ ಭಯವನ್ನು ಮಾತಿನಲ್ಲಿ ಹೇಳಬೇಕಾಗುತ್ತಿತ್ತು. ಮಾತಿನಲ್ಲಿ ಹೇಳಿದ ಭಯ ಪ್ರೇಕ್ಷಕನ ಹೊಟ್ಟೆಯೊಳಗೆ ಇಳಿಯುವುದಿಲ್ಲ. ಸಿಡಿಲಿನ ಆ ರಾತ್ರಿ ಶಾಲೆಯ ನೃತ್ಯಕೂಟದ ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿರುವಾಗ ಮಾರ್ಟಿ ತನ್ನ ಅಂಗೈಯ ಮೂಲಕ ಆಚೆಯದನ್ನು ಕಾಣುವ ಆ ಕ್ಷಣಕ್ಕೆ ಈ ಇಡೀ ವ್ಯವಸ್ಥೆ ದುಡಿದಿದೆ. ಕೆಳಗೆ ಯಾರೋ ಒಬ್ಬ ಹುಡುಗ ಜಾರ್ಜ್‌ನನ್ನು ತಳ್ಳಿ ಲೊರೇನ್‌ಳ ಕೈ ಹಿಡಿದಿದ್ದಾನೆ. ಜಾರ್ಜ್ ತಿರುಗಿ ಹೊರಟೇಬಿಟ್ಟಿದ್ದಾನೆ. ನಮ್ಮಲ್ಲಿ ಪ್ರತಿಯೊಬ್ಬರ ಹುಟ್ಟೂ ಇಂಥ ಒಂದು ತೆಳುವಾದ ಎಳೆಯ ಮೇಲೆ ನಿಂತಿದೆ, ಯಾರೋ ಒಬ್ಬರು ತಿರುಗಿ ನೋಡಿದ್ದರ ಮೇಲೆ. ಇದು ಮಾತ್ರ ಪೂರ್ತಿ ನಿಜ, ಯಾವ ಸಮೀಕರಣವೂ ಇದನ್ನು ಅಲ್ಲಗಳೆಯಲಾರದು. ನನ್ನ ತಂದೆಯ ಶಾಲೆಯ ಗುಂಪುಚಿತ್ರವೊಂದು ನಮ್ಮ ಮನೆಯಲ್ಲಿದೆ. ಹಿಂದಿನ ಸಾಲಿನಲ್ಲಿ, ತೋಳು ದೊಡ್ಡದಾದ ಅಂಗಿ ತೊಟ್ಟು ನಿಂತ ತೆಳ್ಳನೆಯ ಹುಡುಗ. ಈ ಚಿತ್ರ ನೋಡುವ ಮೊದಲು ನಾನು ಅವನನ್ನು ಒಬ್ಬ ಹುಡುಗನೆಂದು ನೋಡಿಯೇ ಇರಲಿಲ್ಲ.

ವಿಜ್ಞಾನ ಇದೆಯೇ ಎಂದು ಕೇಳಿದಿರಿ. ಕಾರಣ ಮತ್ತು ಕಾರ್ಯ ಎಂಬುದು ವಿಜ್ಞಾನದ ಬೆನ್ನೆಲುಬು ಎಂದಾದರೆ, ಈ ಚಿತ್ರದ ಚಿತ್ರಕಥೆಯಷ್ಟು ವೈಜ್ಞಾನಿಕವಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಬಿತ್ತಿದ ಒಂದೊಂದು ಕಾಳೂ ಆಮೇಲೆ ತೆನೆಯಾಗುತ್ತದೆ. ಚಿತ್ರ ಶುರುವಾಗುವುದೇ ಡಾಕ್‌ನ ಮನೆಯ ಗಡಿಯಾರಗಳ ಮೇಲೆ ಕ್ಯಾಮೆರಾ ಸರಿಯುವುದರೊಂದಿಗೆ. ಅವುಗಳಲ್ಲಿ ಒಂದರ ಮುಳ್ಳಿಗೆ ಒಬ್ಬ ಪುಟ್ಟ ಮನುಷ್ಯ ನೇತಾಡುತ್ತಿದ್ದಾನೆ, ಮೂಕಿ ಚಿತ್ರಗಳ ಕಾಲದ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನ ಪ್ರಸಿದ್ಧ ಭಂಗಿ. ಕೊನೆಯಲ್ಲಿ ಡಾಕ್ ಗೋಪುರದ ಗಡಿಯಾರಕ್ಕೆ ಹಾಗೆಯೇ ನೇತಾಡುತ್ತಾನೆ.

ಎಲ್ಲಕ್ಕಿಂತ ನಾಜೂಕಾದದ್ದು ಕರಪತ್ರದ ಪ್ರಸಂಗ. ಮಾರ್ಟಿ ಮತ್ತು ಗೆಳತಿ ಜೆನಿಫರ್ ಊರಿನ ಚೌಕದಲ್ಲಿ ಮುತ್ತಿಡಲಿದ್ದಾಗ ಒಬ್ಬ ಹೆಂಗಸು ನಡುವೆ ಡಬ್ಬಿ ಅಲ್ಲಾಡಿಸುತ್ತಾಳೆ: ಗಡಿಯಾರ ಗೋಪುರವನ್ನು ಉಳಿಸಿ. ಮೂವತ್ತು ವರ್ಷಗಳ ಹಿಂದೆ ಸಿಡಿಲು ಬಡಿದು ನಿಂತುಹೋದ ಗಡಿಯಾರದ ಕಥೆಯನ್ನು ಹೇಳಿ ಕರಪತ್ರ ಕೊಡುತ್ತಾಳೆ. ನಾವು ಅವಳ ಮೇಲೆ ಸಿಡಿಮಿಡಿಗೊಳ್ಳುತ್ತೇವೆ, ಪ್ರೇಮದ ನಡುವೆ ಬಂದಳಲ್ಲ ಎಂದು. ಸಿಡಿಲಿನ ದಿನಾಂಕ ಮತ್ತು ನಿಮಿಷವನ್ನು ಚಿತ್ರ ನಮಗೆ ತಿಳಿಸಿದ್ದು ಆ ಸಿಡಿಮಿಡಿಯ ಮರೆಯಲ್ಲಿ. ಆದರೆ ಹದಿನೇಳರ ಹುಡುಗ ಅಂಥ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದುಂಟೇ? ಅದಕ್ಕಾಗಿ ಜೆನಿಫರ್ ಅದರ ಹಿಂಬದಿಯಲ್ಲಿ ತನ್ನ ಅಜ್ಜಿಯ ಮನೆಯ ದೂರವಾಣಿ ಸಂಖ್ಯೆಯನ್ನೂ ಪ್ರೀತಿಯ ಮಾತನ್ನೂ ಬರೆದುಕೊಡುತ್ತಾಳೆ. ಮಾರ್ಟಿ ಅದನ್ನು ಜೋಪಾನ ಮಾಡಿದ್ದು ಪ್ರೀತಿಗಾಗಿ, ಅದು ಅವನನ್ನು ಕಾಪಾಡಿದ್ದು ಸಿಡಿಲಿಗಾಗಿ. ಚಿತ್ರಕಥೆ ಬರೆಯಲು ಕಲಿಯುವವರು ಇದೊಂದು ಪ್ರಸಂಗವನ್ನು ಹತ್ತು ಸಲ ನೋಡಿದರೂ ಸಾರ್ಥಕ.

ಅಂದಹಾಗೆ, ಈ ಗೋಪುರ ಮತ್ತು ಸಿಡಿಲು ಮೊದಲ ಕರಡುಗಳಲ್ಲಿ ಇರಲಿಲ್ಲ. ಆಗ ಕಾಲಯಂತ್ರ ಒಂದು ಫ್ರಿಜ್ ಆಗಿತ್ತು, ಕೊನೆಯ ಸನ್ನಿವೇಶ ನೆವಾಡದ ಮರುಭೂಮಿಯ ಅಣುಬಾಂಬ್ ಪರೀಕ್ಷಾ ಸ್ಥಳದಲ್ಲಿತ್ತು. ಮಕ್ಕಳು ಚಿತ್ರ ನೋಡಿ ಫ್ರಿಜ್ ಒಳಗೆ ಸೇರಿಕೊಂಡಾರು ಎಂಬ ಭಯದಿಂದ ಅದನ್ನು ಕೈಬಿಟ್ಟರು, ಖರ್ಚಿನ ಕಾರಣದಿಂದ ಬಾಂಬನ್ನು ಕೈಬಿಟ್ಟರು. ಹಣವಿಲ್ಲದ್ದರಿಂದ ಕಥೆ ಊರು ಬಿಟ್ಟು ಹೊರಗೆ ಹೋಗಲಿಲ್ಲ, ಅದರಿಂದಲೇ ಅದು ಬಿಗಿಯಾಯಿತು.

ಸಿಡಿಲಿನ ವಿದ್ಯುತ್ತಿನ ಬಗ್ಗೆಯೂ ಒಂದು ಮಾತು. ಕಾಲಯಂತ್ರಕ್ಕೆ 1.21 ಗಿಗಾವ್ಯಾಟ್ ಬೇಕು ಎಂದು ಕೇಳಿ 1955ರ ಡಾಕ್ ತಲೆ ಹಿಡಿದುಕೊಳ್ಳುತ್ತಾನೆ. ಅವನ ಗಾಬರಿ ಸಕಾರಣವಾದದ್ದು. ನಮ್ಮ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳೂ ಒಟ್ಟಿಗೆ ತಿರುಗಿದರೆ ಸಿಗುವುದು 1,035 ಮೆಗಾವ್ಯಾಟ್. ಕಾರಿಗೆ ಬೇಕಾದದ್ದು 1,210. ಸಿಡಿಲು ಇದನ್ನು ಕೊಡಬಲ್ಲದೇ? ಬಲ್ಲದು, ಕ್ಷಣದ ಒಂದು ತುಣುಕಿನ ಮಟ್ಟಿಗೆ ಅದಕ್ಕಿಂತ ಎಷ್ಟೋ ಹೆಚ್ಚನ್ನು ಕೊಡಬಲ್ಲದು. ಆದರೆ ಒಂದು ಸಿಡಿಲಿನ ಒಟ್ಟು ಶಕ್ತಿಯನ್ನು ಸುಮಾರು ನೂರು ಕೋಟಿ ಜೂಲ್ ಎಂದು ಅಂದಾಜಿಸುತ್ತಾರೆ. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಅದು 280 ಯೂನಿಟ್ಟಿಗೂ ತುಸು ಕಡಿಮೆ. ಸಾಮರ್ಥ್ಯಕ್ಕೂ ಶಕ್ತಿಗೂ ಇರುವ ವ್ಯತ್ಯಾಸ ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಇನ್ನು ಕರಪತ್ರದಿಂದ ತಿಳಿದದ್ದು ನಿಮಿಷ ಮಾತ್ರ, ಸೆಕೆಂಡು ಅಲ್ಲ. ಗೋಪುರದಿಂದ ರಸ್ತೆಗೆ ಎಳೆದ ತಂತಿಯನ್ನು ಕಾರು ಮುಟ್ಟುವ ಕ್ಷಣವನ್ನು ಡಾಕ್ ಹೇಗೆ ಲೆಕ್ಕ ಹಾಕಿದ ಎಂದು ಕೇಳಿದರೆ ಚಿತ್ರ ಸುಮ್ಮನಿರುತ್ತದೆ.

ನಿಮ್ಮ ಮಗಳು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಆ ರಾತ್ರಿಯ ಹಾಡಿನದು. ಮಾರ್ಟಿ ನೃತ್ಯಕೂಟದಲ್ಲಿ ಅಮೆರಿಕದ ಗಾಯಕ ಚಕ್ ಬೆರಿಯ ಪ್ರಸಿದ್ಧ ಹಾಡು 'ಜಾನಿ ಬಿ. ಗೂಡ್' ಹಾಡುತ್ತಾನೆ. ವಾದ್ಯವೃಂದದ ಮಾರ್ವಿನ್ ಬೆರಿ ತನ್ನ ಬಂಧು ಚಕ್‌ಗೆ ಫೋನ್ ಮಾಡಿ, ನೀನು ಹುಡುಕುತ್ತಿದ್ದ ಹೊಸ ನಾದ ಇಲ್ಲಿದೆ ಎಂದು ಕೇಳಿಸುತ್ತಾನೆ. ಚಕ್ ಬೆರಿ ಆ ಹಾಡನ್ನು ಮಾರ್ಟಿಯಿಂದ ಕೇಳಿ ಕಲಿತರೆ, ಮಾರ್ಟಿ ಅದನ್ನು ಚಕ್ ಬೆರಿಯ ಧ್ವನಿಮುದ್ರಿಕೆಯಿಂದ ಕಲಿತರೆ, ಹಾಡನ್ನು ಕಟ್ಟಿದವರು ಯಾರು? ತರ್ಕದ ಪ್ರಶ್ನೆಯಾಗಿ ಇದು ಅಜ್ಜನ ವಿರೋಧಾಭಾಸಕ್ಕಿಂತ ಕಠಿಣ. ಅಲ್ಲಿ ಒಂದು ಘಟನೆ ಅಳಿಸಿಹೋಗುತ್ತದೆ, ಇಲ್ಲಿ ಒಂದು ಕೃತಿ ಯಾರ ಶ್ರಮವೂ ಇಲ್ಲದೆ ಗಾಳಿಯಿಂದ ಉದುರುತ್ತದೆ. ಆದರೆ ನನಗೆ ಈ ನಗೆ ಪೂರ್ತಿ ಸೇರುವುದಿಲ್ಲ. ಕಪ್ಪು ಸಂಗೀತಗಾರನೊಬ್ಬ ತನ್ನ ಪ್ರತಿಭೆಯಿಂದ ಸೃಷ್ಟಿಸಿದ್ದನ್ನು ಬಿಳಿಯ ಹುಡುಗನ ಕೊಡುಗೆಯಾಗಿ ತೋರಿಸುವುದು ನೋವು ಕೊಡುವ ತಮಾಷೆ. ವಾಸ್ತವ ಇತಿಹಾಸ ಬೇರೆ ಇದೆ. ಚಕ್ ಬೆರಿಯ ಮೊದಲ ಜನಪ್ರಿಯ ಮುದ್ರಿಕೆ 'ಮೇಬೆಲೀನ್' ಹೊರಬಂದದ್ದು 1955ರ ಜುಲೈನಲ್ಲಿ, ಮಾರ್ಟಿ ಬಂದಿಳಿಯುವ ನಾಲ್ಕು ತಿಂಗಳು ಮೊದಲು. ಆ ಮನುಷ್ಯ ತನ್ನ ನಾದವನ್ನು ಆಗಲೇ ಕಂಡುಕೊಂಡಿದ್ದ. ಈ ಒಂದು ದಿನಾಂಕವನ್ನು ಮಗಳಿಗೆ ತಪ್ಪದೆ ಹೇಳಿ.

ಈಗ ಮೂರನೆಯ ಪ್ರಶ್ನೆ. ಡಾಕ್‌ಗೆ ಗುಂಡು ತಗಲುವುದನ್ನು ತಡೆಯಲು ಮಾರ್ಟಿ ಹೊರಟ ಸಮಯಕ್ಕಿಂತ ಹನ್ನೊಂದು ನಿಮಿಷ ಮೊದಲು, 1 ಗಂಟೆ 24 ನಿಮಿಷಕ್ಕೆ ಮರಳುತ್ತಾನೆ. ಕಾರು ಕೆಟ್ಟು ನಿಲ್ಲುತ್ತದೆ, ಓಡಿಕೊಂಡು ಹೋಗುತ್ತಾನೆ. ಅವನು ತಲುಪುವಾಗ ತಡೆಯುವ ಕಾಲ ಮೀರಿದೆ, ಇನ್ನೊಬ್ಬ ಮಾರ್ಟಿ ಇನ್ನೊಂದು ಡಿಲೋರಿಯನ್‌ನಲ್ಲಿ 1955ರ ಕಡೆ ಹೊರಟುಹೋಗುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಈಗ ಆ ಜಾಗದ ಫಲಕ ಗಮನಿಸಿ. ಚಿತ್ರದ ಆರಂಭದಲ್ಲಿ ಅದರ ಮೇಲೆ 'ಟ್ವಿನ್ ಪೈನ್ಸ್ ಮಾಲ್' ಎಂದಿತ್ತು, ಜೋಡಿ ಪೈನ್ ಮರಗಳ ಹೆಸರು. 1955ಕ್ಕೆ ಬಂದಿಳಿದಾಗ ಮಾರ್ಟಿ ಆ ಜಾಗದ ರೈತನ ಹೊಲದಲ್ಲಿದ್ದ ಎರಡು ಪೈನ್ ಸಸಿಗಳಲ್ಲಿ ಒಂದನ್ನು ಕಾರಿನಿಂದ ಉರುಳಿಸಿದ್ದ. ಮರಳಿದಾಗ ಫಲಕದ ಮೇಲೆ 'ಲೋನ್ ಪೈನ್ ಮಾಲ್' ಎಂದಿದೆ, ಒಂಟಿ ಮರ. ಯಾವ ಪಾತ್ರವೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೆ ಆ ಫಲಕ ಒಂದನ್ನು ಖಚಿತಪಡಿಸುತ್ತದೆ: ಈ ಜಗತ್ತು ಆಗಲೇ ಬದಲಾಗಿದೆ. ಆದ್ದರಿಂದ ಫಲಕದ ಬಳಿಯಿಂದ ಕಾರಿನಲ್ಲಿ ಹೊರಟ ಆ ಹುಡುಗ ನಾವು ಆರಂಭದಲ್ಲಿ ಕಂಡ ಮಾರ್ಟಿಯಲ್ಲ. ಧೈರ್ಯವಂತ ಜಾರ್ಜ್ ಮತ್ತು ನಗುಮುಖದ ಲೊರೇನ್‌ಳ ಮನೆಯಲ್ಲಿ ಬೆಳೆದ ಮಾರ್ಟಿ ಅವನೇ. ಅವನು ಎಲ್ಲಿ ಹೋದ ಎಂಬ ಪ್ರಶ್ನೆಗೆ ಚಿತ್ರ ಕಣ್ಣೆದುರೇ ಉತ್ತರ ಕೊಟ್ಟಿದೆ. ಅವನು 1955ಕ್ಕೆ ಹೋದ. ಅವನ ಹಾಸಿಗೆ ಖಾಲಿಯಾಯಿತು, ನಮ್ಮ ಮಾರ್ಟಿ ಬಂದು ಅದರ ಮೇಲೆ ಮಲಗಿದ.

ಇದೇ ಸನ್ನಿವೇಶದಲ್ಲಿ ಡಾಕ್ ಬದುಕುವುದೂ ಸ್ವಾರಸ್ಯಕರ. 1955ರಲ್ಲಿ ಮಾರ್ಟಿ ಬರೆದಿಟ್ಟ ಎಚ್ಚರಿಕೆಯ ಪತ್ರವನ್ನು ಅವನು ಹರಿದುಹಾಕಿದ್ದ, ಭವಿಷ್ಯವನ್ನು ತಿಳಿಯುವುದು ಅಪಾಯಕರ ಎಂದು. ಆಮೇಲೆ ಚೂರುಗಳನ್ನು ಅಂಟಿಸಿ ಓದಿ, ಗುಂಡು ನಿರೋಧಕ ಅಂಗಿ ತೊಟ್ಟು ಬಂದಿದ್ದಾನೆ. ಯೋಚಿಸಿ ನೋಡಿ, ಮೊದಲ ಸಲವೂ ಅವನು ಆ ಅಂಗಿ ತೊಟ್ಟಿರಲಿಲ್ಲ ಎಂದು ಹೇಳಲು ಚಿತ್ರದಲ್ಲಿ ಪುರಾವೆ ಇಲ್ಲ. ನಾವು ನೋಡಿದ್ದು ಅವನು ಬಿದ್ದದ್ದನ್ನು ಮಾತ್ರ. ನೊವಿಕೊವ್ ಅವರ ನಿಯಮಕ್ಕೆ ಹೊಂದುವ ಒಂದೇ ಒಂದು ಘಟನೆ ಇಡೀ ಚಿತ್ರದಲ್ಲಿ ಇದು, ಫಲಕವೊಂದು ಅಡ್ಡ ಬರದಿದ್ದರೆ.

ಅಪ್ಪ ಅಮ್ಮ ತಮ್ಮ ಮಗನಲ್ಲಿ ಆ ಹಳೆಯ ಗೆಳೆಯನ ಮುಖವನ್ನು ಗುರುತಿಸಬೇಡವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಂದು ವಾರ ಮಾತ್ರ ಕಂಡ, ಮೂವತ್ತು ವರ್ಷ ಹಿಂದಿನ ಹುಡುಗನ ಮುಖ ನಿಮಗೆ ಎಷ್ಟು ನೆನಪಿದೆ? ನನಗೆ ಆ ಆಕ್ಷೇಪದಲ್ಲಿ ಹುರುಳು ಕಾಣುವುದಿಲ್ಲ. ಹುರುಳಿರುವುದು ಇನ್ನೊಂದು ಕಡೆ. 1955ಕ್ಕೆ ಹೋದ ಆ ಎರಡನೆಯ ಮಾರ್ಟಿ ಅಂಜುಬುರುಕ ತಂದೆಯನ್ನು ಒಮ್ಮೆಯೂ ಕಂಡವನಲ್ಲ. ನೃತ್ಯಕೂಟದ ರಾತ್ರಿ ಅಪ್ಪ ಬಿಫ್‌ನನ್ನು ಒಂದೇ ಗುದ್ದಿಗೆ ಕೆಡವಿದ ಕಥೆಯನ್ನು ಕೇಳುತ್ತಾ ಬೆಳೆದವನು. ಅವನು ಹೋಗಿ ಇಳಿದ 1955ರಲ್ಲಿ ಉಪಾಹಾರ ಗೃಹದ ಮೂಲೆಯಲ್ಲಿ ಕುಳಿತು, ಬಿಫ್ ಏನು ಬೈದರೂ ತಲೆತಗ್ಗಿಸಿ ನಗುವ ಜಾರ್ಜ್ ಎದುರಾಗುತ್ತಾನೆ. ಅವನಿಗೆ ಏನನ್ನಿಸೀತು, ಅವನು ಅದೇ ರಸ್ತೆಗೆ ಅದೇ ಕ್ಷಣಕ್ಕೆ ಹೋಗಿ ಅದೇ ಕಾರಿಗೆ ಅಡ್ಡ ಬಿದ್ದಾನೇ? ನಿಮ್ಮ ಮಗಳು ಇದನ್ನು ಯೋಚಿಸಿ ಬರೆದು ಕಳಿಸಿದರೆ ಓದಲು ನನಗೆ ನಿಜವಾಗಿಯೂ ಆಸೆಯಿದೆ.